ಹಳೇ ನೀರು

ಆ ಮನೆಯಲ್ಲಿ ಹಗಲು ಯಾರೂ ಮಲಗುವಂತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಇಡೀ ಬೀದಿಯೇ ತೂಕಡಿಸುವ ಹೊತ್ತಿನಲ್ಲಿ ಅಮ್ಮ ಪರದೆಗಳನ್ನೆಲ್ಲ ಸರಿಸಿ, ಕಿಟಕಿ ಬಾಗಿಲುಗಳನ್ನು ಹಾರುಹೊಡೆದು, ರೇಡಿಯೊವನ್ನು ಜೋರಾಗಿ ಹಾಕುತ್ತಿದ್ದಳು. ಬಿಸಿಲು ನೇರವಾಗಿ ಒಳಗೆ ಬಂದು ಗೋಡೆಬದಿಯ ಖಾಲಿ ಮಂಚದ ಮೇಲೆ ಬೀಳುತ್ತಿತ್ತು. ನೆಂಟರು ಬಂದವರು ಕುರ್ಚಿಯಲ್ಲಿ ಕೂತಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿದರೂ ಅಮ್ಮ ತೋಳು ಹಿಡಿದು ಅಲ್ಲಾಡಿಸಿಬಿಡುತ್ತಿದ್ದಳು. ‘ಏಳಿ, ಏಳಿ. ಮಲಗೋದಾದ್ರೆ ನಿಮ್ಮನೇಲಿ ಮಲಗಿ.’ ನೆಂಟರು ಬರುವುದನ್ನು ಬಿಟ್ಟರು. ಅಮ್ಮನಿಗೆ ಅದರಿಂದ ಬೇಸರವಾದಂತೆ ಕಾಣಲಿಲ್ಲ.

ಹಿರಿಮಗಳು ದಿನವೂ ಮಧ್ಯಾಹ್ನ ಪ್ರಯೋಗಾಲಯದಿಂದ ಊಟಕ್ಕೆ ಮನೆಗೆ ಬರುತ್ತಿದ್ದಳು. ಅವಳಿಗೆ ಐವತ್ತು ದಾಟಿತ್ತು. ಚಪ್ಪಲಿ ಬಿಡುವ ಮೊದಲೇ ಅಮ್ಮನ ಪ್ರಶ್ನೆ ಬರುತ್ತಿತ್ತು.

‘ಹೇಗಿದ್ದಾಳೆ?’

‘ಚೆನ್ನಾಗಿದ್ದಾಳೆ.’

‘ತಿಂದಳಾ?’

‘ತಿಂದಳಮ್ಮ.’

ಅಷ್ಟಾದ ಮೇಲೆ ಅಮ್ಮ ತಟ್ಟೆ ಹಾಕುತ್ತಿದ್ದಳು. ಇಬ್ಬರೂ ಕೇಳುತ್ತಿದ್ದದ್ದು, ಹೇಳುತ್ತಿದ್ದದ್ದು, ತೀರಿಹೋಗಿ ಬಹಳ ವರ್ಷಗಳಾಗಿದ್ದ ಕಿರಿಮಗಳ ಬಗ್ಗೆ.

ಪ್ರಯೋಗಾಲಯದಲ್ಲಿ ಹಿರಿಮಗಳನ್ನು ಎಲ್ಲರೂ ಸೀಸೆಯಕ್ಕ ಎನ್ನುತ್ತಿದ್ದರು. ಅದು ನಿದ್ದೆ ಕಾಯಿಲೆಗೆಂದೇ ಕಟ್ಟಿದ ಆಸ್ಪತ್ರೆ. ಅದರ ಹಿಂಬದಿಯ ಉದ್ದ ಕಟ್ಟಡದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಶವದ ಕೋಣೆಗೂ ನಡುವೆ, ಅವಳ ಕೆಲಸದ ಜಾಗ. ನೊಣವೊಂದು ಕಚ್ಚಿ ರಕ್ತಕ್ಕೆ ಇಳಿಸುವ ಪರೋಪಜೀವಿಯಿಂದ ಬರುವ ಕಾಯಿಲೆ ಅದು. ಮೊದಲು ಜ್ವರ, ಕುತ್ತಿಗೆಯ ಹಿಂದೆ ಗಂಟು. ಆಮೇಲೆ ಆ ಜೀವಿ ಮಿದುಳಿಗೆ ಹತ್ತಿ ಹಗಲನ್ನೂ ರಾತ್ರಿಯನ್ನೂ ಅದಲುಬದಲು ಮಾಡಿಬಿಡುತ್ತದೆ. ನಗುನಗುತ್ತ ಇದ್ದವರು ಸಿಡುಕರಾಗುತ್ತಾರೆ. ಹಗಲು ಕೂತಲ್ಲಿ ನಿಂತಲ್ಲಿ ನಿದ್ದೆ ಹೋಗುತ್ತಾರೆ, ಕತ್ತಲಾದ ಮೇಲೆ ಎದ್ದು ಅಲೆಯುತ್ತಾರೆ. ಮದ್ದು ಸಿಗದಿದ್ದರೆ ಒಂದು ದಿನ ಏಳುವುದೇ ಇಲ್ಲ.

ತಂಗಿ ಬಟ್ಟೆ ಕಾರ್ಖಾನೆಯೊಂದರಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದವಳು. ಸೂಜಿ ಬೆರಳಲ್ಲಿದ್ದ ಹಾಗೆಯೇ ನಿದ್ದೆ ಹೋಗತೊಡಗಿದಳು. ಮನೆಯವರೆಲ್ಲ ಮೊದಮೊದಲು ತಮಾಷೆ ಮಾಡಿದರು, ಮಹಾರಾಣಿ ಅಂದರು. ಆಸ್ಪತ್ರೆಗೆ ತರುವ ಹೊತ್ತಿಗೆ ಅವಳಿಗೆ ಒಂದೇ ಮಾತು ಉಳಿದಿತ್ತು. ಸುಡುವ ಮಧ್ಯಾಹ್ನ ಕಣ್ಣು ಬಿಟ್ಟು ಕೇಳುತ್ತಿದ್ದಳು: ‘ಅಕ್ಕಾ, ಬೆಳಗಾಯ್ತಾ?’

‘ಮಧ್ಯಾಹ್ನ ಕಣೇ, ಏಳು,’ ಎನ್ನುತ್ತಿದ್ದಳು ಅಕ್ಕ. ಎಬ್ಬಿಸಬೇಕು, ಎಬ್ಬಿಸುತ್ತಲೇ ಇರಬೇಕು ಎಂದು ಆಗ ಅವಳಿಗೆ ಅನಿಸುತ್ತಿತ್ತು.

ಆ ಕಾಲದಲ್ಲಿ ಮಿದುಳಿಗೆ ಏರಿದ ಕಾಯಿಲೆಗೆ ಇದ್ದದ್ದು ಒಂದೇ ಚುಚ್ಚುಮದ್ದು. ಪಾಷಾಣದಿಂದ ಮಾಡಿದ್ದು. ರಕ್ತನಾಳದೊಳಗೆ ಹೋಗುವಾಗ ಉರಿಯುತ್ತ ಹೋಗುತ್ತಿತ್ತು; ವಾರ್ಡಿನವರು ಅದನ್ನು ಬೆಂಕಿ ಸೂಜಿ ಎಂದೇ ಕರೆಯುತ್ತಿದ್ದರು. ಬಹಳ ಜನ ಅದರಿಂದ ಬದುಕಿದರು. ಕೆಲವರನ್ನು ಕಾಯಿಲೆಯ ಬದಲು ಅದೇ ಕೊಂದಿತು. ತಂಗಿ ಆ ಕೆಲವರಲ್ಲಿ ಸೇರಿದಳು. ಎಬ್ಬಿಸುವ ಹೊಸ ಔಷಧ ಆ ಆಸ್ಪತ್ರೆಗೆ ಬಂದದ್ದು ಆಮೇಲೆ.

ಸೂಜಿ ಹಾಕುವ ಮೊದಲು ತೆಗೆದಿದ್ದ ಅವಳ ರಕ್ತದಿಂದ ಆಗಿನ ವೈದ್ಯರು ಆ ಜೀವಿಯನ್ನು ಸೀಸೆಯಲ್ಲಿ ಬೆಳೆಸಿದ್ದರು. ಅಕ್ಕ ಅಲ್ಲೇ ಕೆಲಸಕ್ಕೆ ಸೇರಿಕೊಂಡಳು. ಗುಲಾಬಿ ಬಣ್ಣದ ಪೋಷಕ ನೀರಿನಲ್ಲಿ, ಮೈಯಷ್ಟೇ ಕಾವಿರುವ ಪೆಟ್ಟಿಗೆಯೊಳಗೆ, ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದವು. ಸೀಸೆ ತುಂಬಿದಾಗ ಅರ್ಧವನ್ನು ಹೊಸ ಸೀಸೆಗೆ ಸುರಿಯಬೇಕು. ಸುರಿದದ್ದು ತಾಯಿ ಸೀಸೆ, ತುಂಬಿಕೊಂಡದ್ದು ಮಗಳು ಸೀಸೆ. ಮಗಳು ತುಂಬಿದಾಗ ಅದೇ ತಾಯಿ. ಹೀಗೆ ತಂಗಿಯ ಸೀಸೆಗೆ ಎಷ್ಟು ತಲೆಮಾರು ಕಳೆದಿತ್ತೋ. ಅದಕ್ಕೊಂದು ಸಂಖ್ಯೆಯಿತ್ತು. ಎಲ್ಲರೂ ಅದನ್ನು ‘ಹಳೆಯವಳು’ ಎಂದು ಕರೆಯುತ್ತಿದ್ದರು. ಯಾರ ರಕ್ತದ್ದು ಎಂದು ಗೊತ್ತಿದ್ದವರು ಒಬ್ಬೊಬ್ಬರೇ ನಿವೃತ್ತರಾಗಿ ಹೋಗಿದ್ದರು.

ಮನೆಯಲ್ಲಿ ಮಾತ್ರ ಅಮ್ಮನಿಗೆ ಗೊತ್ತಿತ್ತು. ತಂಗಿ ಹೋದ ಹೊಸತರಲ್ಲಿ ಅಮ್ಮ ಊಟ ಬಿಟ್ಟು ಮಂಚದ ಪಕ್ಕ ಕೂತಿದ್ದಾಗ ಹಿರಿಮಗಳೇ ಹೇಳಿದ್ದಳು: ‘ಅವಳ ರಕ್ತದಲ್ಲಿದ್ದದ್ದು ನಮ್ಮಲ್ಲಿ ಇನ್ನೂ ಜೀವಂತವಾಗಿದೆ ಅಮ್ಮ. ನಾನೇ ನೋಡ್ಕೋತಿದೀನಿ.’ ಅಮ್ಮ ಅವತ್ತು ಎದ್ದು ಮುಖ ತೊಳೆದಳು. ಮಾರನೆಯ ದಿನದಿಂದ ‘ಹೇಗಿದ್ದಾಳೆ’ ಶುರುವಾಯಿತು.

ಸೀಸೆಯಕ್ಕನಿಗೆ ಗೊತ್ತಿರಲಿಲ್ಲ ಎಂದಲ್ಲ. ಸೀಸೆಯಲ್ಲಿ ಇರುವುದು ತಂಗಿಯಲ್ಲ, ತಂಗಿಯನ್ನು ತಿಂದದ್ದು. ಆದರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡುವಾಗ, ಉದುರಿದ ಕಣ್ಣರೆಪ್ಪೆಯ ಕೂದಲಿಗೆ ಜೀವ ಬಂದಂತೆ ಅವು ಬಳುಕಿ ಬಳುಕಿ ಈಜುವುದನ್ನು ಕಾಣುವಾಗ, ಈ ಲೋಕದಲ್ಲಿ ತಂಗಿಯ ಮೈಯೊಳಗಿದ್ದು ಬಂದ ಜೀವ ಬೇರೆ ಯಾವುದೂ ಉಳಿದಿಲ್ಲವಲ್ಲ ಎನಿಸುತ್ತಿತ್ತು. ಎರಡು ದಿನಕ್ಕೊಮ್ಮೆ ಆಹಾರ ಕೊಡಬೇಕಾದ್ದರಿಂದ ಅವಳು ಊರು ಬಿಟ್ಟು ಹೋಗುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಗಡಿಯಾರ ರಿಪೇರಿಯವನು ಅವಳನ್ನು ಮದುವೆಯಾಗಲು ಕೇಳಿದ್ದ. ಬಂದರಿನ ಊರಿಗೆ ಹೋಗೋಣ, ಅಲ್ಲಿ ಅಂಗಡಿ ಹಾಕೋಣ ಎಂದಿದ್ದ. ‘ನನ್ನ ಸೀಸೆಗಳನ್ನ ಯಾರು ನೋಡ್ಕೋತಾರೆ?’ ಎಂದಿದ್ದಳು. ಅವನು ನಕ್ಕಿದ್ದ. ಅವಳು ನಗುತ್ತಿಲ್ಲವೆಂದು ಗೊತ್ತಾದ ಮೇಲೆ ಹೋಗಿಬಿಟ್ಟಿದ್ದ.

*

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ವಾರ್ಡಿಗೆ ಬಂದಳು. ಗಿರಾಕಿಯೊಬ್ಬರ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿರುವಾಗಲೇ ಅವರ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳಂತೆ.

‘ಗಿರಾಕಿ ಪಾಪ ಅಲುಗಾಡದೆ ನಿಂತಿದ್ರಂತೆ ಕಣಕ್ಕ,’ ಎಂದಳು ವಾರ್ಡಿನ ಆಯಾ, ಸೀಸೆಯಕ್ಕನ ಹಿಂದೆ ಹಿಂದೆ ಬರುತ್ತ. ‘ನನ್ನ ಗಂಡ ಆಗಿದ್ರೆ ಮೊದ್ಲು ಕನ್ನಡಕ ಒಡೀತು ಅಂತ ಕೂಗಾಡ್ತಿದ್ದ.’

ರಕ್ತ ತೆಗೆಯಲು ಸೀಸೆಯಕ್ಕ ಹುಡುಗಿಯ ತೋಳಿಗೆ ಪಟ್ಟಿ ಬಿಗಿದಳು. ಕಿಟಕಿಯಲ್ಲಿ ಬಿಸಿಲು ಕಣ್ಣು ಕುಕ್ಕುವಂತಿತ್ತು. ಸೂಜಿ ತಾಗಿದಾಗ ಹುಡುಗಿ ಕಣ್ಣು ತೆರೆದಳು. ಎಲ್ಲಿಂದಲೋ ನಡೆದು ಬಂದವಳಂತೆ ಮುಖವನ್ನೇ ನೋಡಿದಳು.

‘ಅಕ್ಕಾ, ಬೆಳಗಾಯ್ತಾ?’

ಸೀಸೆಯಕ್ಕನ ಕೈ ನಿಂತಿತು. ಈ ಕಾಯಿಲೆಯವರು ಬಹಳ ಜನ ಹೀಗೆ ಕೇಳುತ್ತಾರೆ, ಅದು ಹೊಸದಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಬೇರೆ ಯಾರೂ ಅಕ್ಕಾ ಎಂದು ಸೇರಿಸಿ ಕೇಳಿರಲಿಲ್ಲ.

‘ಯಾಕಕ್ಕ, ನಾಳ ಸಿಗ್ಲಿಲ್ವಾ?’ ಎಂದಳು ಆಯಾ.

‘ಸಿಕ್ತು,’ ಎಂದಳು.

ಹುಡುಗಿಯ ರಕ್ತದಿಂದ ಬಂದ ಜೀವಿಗಳು ಸೀಸೆಯಲ್ಲಿ ಸೊರಗಿಕೊಂಡೇ ಇದ್ದವು. ಮೈ ಬಿಟ್ಟು ಗಾಜಿಗೆ ಬಂದವು ಮೊದಲ ದಿನಗಳಲ್ಲಿ ಹೀಗೆ ಸಾಯುವುದುಂಟು. ಅದಕ್ಕೆ ಸೀಸೆಯಕ್ಕನದೇ ಒಂದು ಉಪಾಯವಿತ್ತು. ಹಳೆಯವಳ ಸೀಸೆಯಲ್ಲಿ ಅವು ಬೆಳೆದು ಬೆಳೆದು ನೀರು ಗುಲಾಬಿಯಿಂದ ಹಳದಿಗೆ ತಿರುಗಿದಾಗ ಅದನ್ನು ಚೆಲ್ಲದೆ, ಒಂದೂ ಜೀವಿ ದಾಟದಂಥ ಸಣ್ಣ ಸೋಸುಕದಲ್ಲಿ ಸೋಸಿ ಇಟ್ಟುಕೊಳ್ಳುತ್ತಿದ್ದಳು. ಸೊರಗಿದ ಹೊಸ ಸೀಸೆಗೆ ಆ ಹಳೇ ನೀರನ್ನು ಸ್ವಲ್ಪ ಬೆರೆಸಿದರೆ ಸಾಕು, ಅವು ಚೇತರಿಸಿಕೊಳ್ಳುತ್ತಿದ್ದವು. ಮೊದಲೇ ಯಾರೋ ಬದುಕಿ ಹೋದ ನೀರು ಎಂದು ಧೈರ್ಯ ಬರುತ್ತದೇನೋ ಎಂದು ಅವಳು ಅಂದುಕೊಳ್ಳುತ್ತಿದ್ದಳು. ಹಳೆಯವಳಿಗೂ ಪ್ರತಿ ಸಲ ಅದೇ ನೀರಿನ ಪಾಲು ಇರುತ್ತಿತ್ತು. ಹುಡುಗಿಯ ಸೀಸೆಗೆ ಬೆರೆಸಿದಳು. ಎರಡು ದಿನಕ್ಕೆ ಅದು ಕಳೆಗಟ್ಟಿತು.

ಲ್ಯಾಬಿನ ಹೊಸ ಮುಖ್ಯಸ್ಥೆಯನ್ನು ಎಲ್ಲರೂ ಬರೀ ಮೇಡಂ ಎನ್ನುತ್ತಿದ್ದರು. ಚಿಕ್ಕ ವಯಸ್ಸು, ಚಿಕ್ಕ ಕೂದಲು, ದೊಡ್ಡ ಹೆಜ್ಜೆ. ಇತ್ತೀಚೆಗೆ ಎಬ್ಬಿಸುವ ಔಷಧ ಕೊಟ್ಟ ಕೆಲವರಿಗೆ ಕಾಯಿಲೆ ಮರುಕಳಿಸಿದ್ದರಿಂದ ಅವಳೊಂದು ನಿಯಮ ತಂದಿದ್ದಳು: ಮೊದಲು ರೋಗಿಯ ಜೀವಿಗಳ ಮೇಲೆ ಔಷಧವನ್ನು ಗಾಜಿನಲ್ಲೇ ಪರೀಕ್ಷಿಸಬೇಕು, ಅಲ್ಲಿ ಔಷಧ ಸೋತರೆ ರೋಗಿಗೆ ಬೆಂಕಿ ಸೂಜಿಯೇ ಗತಿ. ಹಾಗೆ ಮೊದಲ ಪರೀಕ್ಷೆಗೆ ಬಂದವಳು ಈ ಹುಡುಗಿ. ಔಷಧ ಸರಿಯಿದೆಯೇ ಎಂದು ತಿಳಿಯಲು ಜೊತೆಗೆ ಹಳೆಯವಳ ಸಾಲನ್ನೂ ಇಡಬೇಕು, ಏಕೆಂದರೆ ಹಳೆಯವಳು ಆ ಔಷಧಕ್ಕೆ ಸೋಲುತ್ತಾಳೆಂದು ಎಂದೋ ಗೊತ್ತಾಗಿತ್ತು.

ಗುಳಿಗಳಿರುವ ಗಾಜಿನ ತಟ್ಟೆಯಲ್ಲಿ ಸೀಸೆಯಕ್ಕ ಸಾಲು ಹಾಕಿದಳು. ಮೇಲೆ ಹುಡುಗಿಯದು, ಕೆಳಗೆ ಹಳೆಯವಳದು. ಎರಡಕ್ಕೂ ಅರ್ಧ ಗುಳಿಗಳಲ್ಲಿ ಔಷಧ, ಅರ್ಧದಲ್ಲಿ ಇಲ್ಲ. ಹುಡುಗಿಯದು ಹಳೇ ನೀರಿಲ್ಲದೆ ಸತ್ತುಹೋದೀತೆಂದು ಅಲ್ಲಿಯೂ ಅದನ್ನು ಬೆರೆಸಿದಳು. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಕೊಡದಿದ್ದರೆ ಹೋಲಿಕೆ ಸರಿಯಾಗುವುದಿಲ್ಲವೆಂದು ಇಬ್ಬರಿಗೂ ಒಂದೇ ಅಳತೆ ಹಾಕಿದಳು. ಕೆಲಸ ಅಚ್ಚುಕಟ್ಟಾಗಿತ್ತು.

ಔಷಧವಿದ್ದ ಗುಳಿಗಳಲ್ಲಿ ಎರಡೂ ಸಾಲುಗಳು ಏನೂ ಆಗದಂತೆ ಈಜುತ್ತಿದ್ದವು, ಬೆಳೆಯುತ್ತಿದ್ದವು.

‘ಹಳೆಯವಳೂ?’ ಎಂದಳು ಮೇಡಂ, ಸೂಕ್ಷ್ಮದರ್ಶಕದಿಂದ ಮುಖ ತೆಗೆಯದೆ. ‘ಔಷಧ ಕೆಟ್ಟಿರಬೇಕು. ಬೇರೆ ಪೆಟ್ಟಿಗೆ ಒಡೀರಿ.’

ಬೇರೆ ಪೆಟ್ಟಿಗೆ ಒಡೆದು ಮತ್ತೆ ಹಾಕಿದರು. ಮತ್ತೆ ಅದೇ. ಅಷ್ಟರಲ್ಲಿ ವಾರ್ಡಿನಲ್ಲಿ ಹುಡುಗಿ ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತು ನಿದ್ದೆ ಹೋಗುವ ಹಂತಕ್ಕೆ ಬಂದಿದ್ದಳು.

*

ಹುಡುಗಿಯ ತಾಯಿ ಬಸ್ ಕಂಡಕ್ಟರ್. ಸಮವಸ್ತ್ರದಲ್ಲೇ, ಚರ್ಮದ ಚೀಲ ತಗುಲಿಸಿಕೊಂಡೇ ಬಂದು ಪಡಸಾಲೆಯಲ್ಲಿ ಮೇಡಂನ ದಾರಿಗೆ ಅಡ್ಡ ನಿಂತಳು. ಸೀಸೆಯಕ್ಕ ತಟ್ಟೆ ಹಿಡಿದು ಹಿಂದೆಯೇ ಬರುತ್ತಿದ್ದಳು.

‘ಡಾಕ್ಟ್ರೇ, ಒಂದ್ನಿಮಿಷ. ನಾಳೆ ಬೆಳಿಗ್ಗೆ ಬೆಂಕಿ ಸೂಜಿ ಅಂತಿದಾರೆ ನರ್ಸು. ಎಬ್ಬಿಸೋ ಔಷಧಿ ಕಪಾಟಲ್ಲೇ ಇದೆ ಅಂತಾರೆ, ಕೊಡಲ್ಲ ಅಂತೀರಿ. ನಂಗೆ ಟಿಕೆಟ್ ಹರಿಯೋದು ಬಿಟ್ರೆ ಏನೂ ಗೊತ್ತಿಲ್ಲ. ಸ್ವಲ್ಪ ಬಿಡಿಸಿ ಹೇಳಿ.’

ಮೇಡಂ ಬೆಂಚಿನ ಮೇಲೆ ಕೂತಳು, ತಾಯಿಯನ್ನೂ ಕೂರಿಸಿದಳು.

‘ಈ ಜೀವಿ ಮೈಯಲ್ಲಿ ಹೆಚ್ಚಬೇಕು ಅಂದ್ರೆ ಒಂದು ಎರಡಾಗಬೇಕು ಅಲ್ವಾ? ಹಾಗಾಗೋಕೆ ಅದಕ್ಕೊಂದು ಸಾಮಾನು ಬೇಕು. ಆ ಸಾಮಾನು ತಯಾರು ಮಾಡೋದು ಅದರೊಳಗಿನ ಒಂದು ಕಿಣ್ವ. ಕಿಣ್ವ ಅಂದ್ರೆ ಒಂಥರಾ ಕೆಲಸಗಾರ ಅಂತಿಟ್ಕೊಳ್ಳಿ. ಕಚ್ಚಾ ಮಾಲು ಬಂದು ಅದರಲ್ಲಿ ಕೂರುತ್ತೆ, ಕಿಣ್ವ ಅದನ್ನ ಬದಲಾಯಿಸಿ ಇಳಿಸುತ್ತೆ. ಮತ್ತೊಂದು ಬಂದು ಕೂರುತ್ತೆ.’

‘ಸೀಟಿದ್ದ ಹಾಗೆ.’

‘ಹ್ಞಾಂ, ಸೀಟೇ. ನಮ್ಮ ಔಷಧ ನೋಡೋಕೆ ಥೇಟ್ ಆ ಕಚ್ಚಾ ಮಾಲಿನ ಹಾಗೇ ಇದೆ. ಕಿಣ್ವ ಮೋಸ ಹೋಗಿ ಕೂರಿಸ್ಕೊಳ್ಳುತ್ತೆ. ಆದ್ರೆ ಕೂತದ್ದು ಏಳಲ್ಲ. ಅಂಟಿಕೊಂಡುಬಿಡುತ್ತೆ.’

‘ಗೊತ್ತು ಬಿಡಿ. ಕೊನೇ ಸ್ಟಾಪ್ ಬಂದ್ರೂ ಇಳೀದೇ ಕಿಟಕಿಯಾಚೆ ನೋಡ್ತಾ ಕೂತಿರ್ತಾರಲ್ಲ, ದಿನಾ ಒಬ್ರಾದ್ರೂ ಸಿಗ್ತಾರೆ.’ ತಾಯಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ‘ಆ ಸೀಟು ನನ್ನ ಮಗಳ ಮೈಯಲ್ಲಿಲ್ವಾ? ಅಲ್ಲೂ ಹೋಗಿ ಕೂತ್ರೆ?’

‘ಒಳ್ಳೇ ಪ್ರಶ್ನೆ. ಇದೆ. ನಮ್ಮ ಮೈಯಲ್ಲೂ ಅಂಥದೇ ಕಿಣ್ವ ಇದೆ, ಔಷಧ ಅಲ್ಲೂ ಹೋಗಿ ಕೂರುತ್ತೆ. ಆದ್ರೆ ನಮ್ಮ ಮೈ ಆ ಕಿಣ್ವನ ಬಹಳ ಹೊತ್ತು ಇಟ್ಕೊಳ್ಳಲ್ಲ. ಸ್ವಲ್ಪ ಹೊತ್ತು ಕೆಲಸ ಮಾಡಿಸಿ ಒಡೆದುಹಾಕುತ್ತೆ, ಹೊಸದು ಮಾಡ್ಕೊಳ್ಳುತ್ತೆ. ಔಷಧ ಕೂತ ಸೀಟು ಗುಜರಿಗೆ, ಹೊಸ ಸೀಟು ಗಾಡಿಗೆ. ಈ ಜೀವಿ ಹಾಗಲ್ಲ. ಮಾಡಿದ್ದನ್ನ ಬೇಗ ಬಿಡಲ್ಲ, ಹಳೇದನ್ನೇ ಹಿಡ್ಕೊಂಡಿರುತ್ತೆ. ಅದಕ್ಕೇ ಸೋಲುತ್ತೆ. ಔಷಧ ನೇರವಾಗಿ ಕೊಲ್ಲಲ್ಲ, ಬೆಳೆಯೋದನ್ನ ನಿಲ್ಲಿಸುತ್ತೆ. ಮಿಕ್ಕಿದ್ದನ್ನ ನಿಮ್ಮ ಮಗಳ ಮೈಯೇ ಗುಡಿಸಿ ಹಾಕುತ್ತೆ.’

‘ಮತ್ತೆ ಈಗ್ಯಾಕೆ ಸೋಲ್ತಿಲ್ಲ?’

‘ಅದೇ ನಂಗೂ ಗೊತ್ತಾಗ್ತಿಲ್ಲ. ಒಂದೋ ಔಷಧ ಅದರೊಳಗೇ ಹೋಗ್ತಿಲ್ಲ. ಇಲ್ಲಾ ಆ ಸಾಮಾನು ತಯಾರಾಗಿಯೇ ಹೊರಗಿಂದ ಸಿಗ್ತಿದೆ. ಆದ್ರೆ ಗಾಜಿನ ತಟ್ಟೇಲಿ ಹೊರಗಿಂದ ಯಾರು ತಂದುಕೊಡ್ತಾರೆ? ನಾವು ಹಾಕೋ ನೀರಲ್ಲಿ ಅದಿಲ್ಲ.’ ಮೇಡಂ ಎದ್ದಳು. ‘ಬೆಂಕಿ ಸೂಜಿ ನಂಗೂ ಇಷ್ಟ ಇಲ್ಲಮ್ಮ. ಅದು ಅವರದು ಇವರದು ನೋಡಲ್ಲ, ಸಿಕ್ಕಿದ ಕಿಣ್ವಾನೆಲ್ಲ ಸುಡುತ್ತೆ. ಆದ್ರೆ ಕೆಲಸ ಮಾಡದ ಔಷಧ ಕೊಟ್ಟು ಕೂತ್ರೆ ಮಗಳು ಕೈಬಿಟ್ಟು ಹೋಗ್ತಾಳೆ.’

ಸೀಸೆಯಕ್ಕ ತಟ್ಟೆಯನ್ನು ಬೆಂಚಿನ ತುದಿಗೆ ಇಟ್ಟಳು. ಮೇಡಂ ತಿರುಗಿ ನೋಡಿದಳು.

‘ಊಟಕ್ಕೆ ಹೋಗಿ ಬನ್ನಿ ಸೀಸೆಯಕ್ಕ. ಮುಖ ಬಿಳಚಿಕೊಂಡಿದೆ.’

*

ದಾರಿಯುದ್ದಕ್ಕೂ ಅವಳಿಗೆ ಹಳದಿ ನೀರೇ ಕಣ್ಣ ಮುಂದೆ ಬಂತು. ತುಂಬಿದ ಸೀಸೆಯಲ್ಲಿ ದಿನವೂ ಎಷ್ಟೋ ಸಾಯುತ್ತವೆ. ಸತ್ತವು ಒಡೆಯುತ್ತವೆ, ತಮ್ಮೊಳಗೆ ಕೂಡಿಟ್ಟದ್ದನ್ನೆಲ್ಲ ನೀರಿಗೆ ಬಿಡುತ್ತವೆ. ಅವಳು ಅದನ್ನು ಸೋಸಿ, ಜೋಪಾನ ಮಾಡಿ, ಮತ್ತೆ ಬದುಕಿದ್ದವಕ್ಕೆ ಕುಡಿಸುತ್ತಾಳೆ. ಕಿಣ್ವ ಕಟ್ಟಿಹೋದರೂ ಅವಕ್ಕೇನು? ಬೇಕಾದ ಸಾಮಾನನ್ನು ಸತ್ತವರೇ ತಂದುಕೊಡುತ್ತಿದ್ದಾರೆ.

ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು. ಮತ್ತೆ ಪರೀಕ್ಷೆ ಹಾಕಬೇಕು, ಹಳೇ ನೀರಿನ ಹನಿಯೂ ಇಲ್ಲದೆ. ಹೋದ ತಿಂಗಳು ಕಾವುಪೆಟ್ಟಿಗೆ ಕೆಟ್ಟು ಹಳೆಯವಳ ಸೀಸೆಗಳೆಲ್ಲ ಹೋಗಿ ಒಂದೇ ಉಳಿದಿತ್ತು. ಹೆಪ್ಪುಗಟ್ಟಿಸಿ ಇಟ್ಟಿದ್ದ ಕೊಳವೆಗಳು ಅದಕ್ಕೂ ಮೊದಲೇ ಹಾಳಾಗಿದ್ದವು. ಎರಡು ಸಲ ಪರೀಕ್ಷೆಗೆ ತೆಗೆದು ಅದರಲ್ಲೂ ಮಿಕ್ಕದ್ದು ಕೊಂಚವೇ; ಈ ಪರೀಕ್ಷೆಗೆ ಅದಷ್ಟೂ ಬೇಕು. ಅವನ್ನು ತೊಳೆದು ಬರೀ ಹೊಸ ನೀರಿಗೆ ಬಿಟ್ಟರೆ ಔಷಧವಿಲ್ಲದ ಗುಳಿಯಲ್ಲೂ ಬದುಕುತ್ತವೆಯೋ ಇಲ್ಲವೋ. ಎಂದೋ ಔಷಧಕ್ಕೆ ಸೋತಿದ್ದ ಆ ಕಾಲ ಬಿಟ್ಟರೆ, ಇಷ್ಟು ವರ್ಷಗಳಲ್ಲಿ ಅವು ಹಳೇ ನೀರಿಲ್ಲದೆ ಒಂದು ದಿನವೂ ಇದ್ದದ್ದಿಲ್ಲ.

ಹೇಳದಿದ್ದರೆ ನಾಳೆ ಬೆಳಿಗ್ಗೆ ಹುಡುಗಿಗೆ ಸೂಜಿ.

ಮನೆಯಲ್ಲಿ ರೇಡಿಯೊ ಕಿರಿಚುತ್ತಿತ್ತು. ಬಿಸಿಲು ಮಂಚದ ಮೇಲಿತ್ತು. ಹಾಸಿಗೆಯ ನಡುವಿನ ತಗ್ಗು, ಯಾರೋ ಈಗಷ್ಟೇ ಎದ್ದುಹೋದಂತೆ, ಹಾಗೆಯೇ ಇತ್ತು. ಎಷ್ಟು ಸಲ ಹತ್ತಿ ಬಡಿಸಿದರೂ ಆ ತಗ್ಗು ಮತ್ತೆ ಬರುತ್ತಿತ್ತು.

‘ಹೇಗಿದ್ದಾಳೆ?’

ಸೀಸೆಯಕ್ಕ ಕುರ್ಚಿಯಲ್ಲಿ ಕೂತಳು. ರೇಡಿಯೊದ ಸದ್ದಿನ ಕೆಳಗೆ, ನೀರಿನ ತಳದಿಂದ ಬಂದಂತೆ, ಆ ಇನ್ನೊಂದು ದನಿ ಇತ್ತು. ಈ ಹೊತ್ತಿನಲ್ಲಿ ಅದು ಯಾವಾಗಲೂ ಇರುತ್ತಿತ್ತು. ಅಕ್ಕಾ, ಬೆಳಗಾಯ್ತಾ? ಅಮ್ಮನಿಗೂ ಕೇಳಿಸುತ್ತದೆಯೇ, ಅದಕ್ಕೇ ರೇಡಿಯೊ ಇಷ್ಟು ಜೋರೇ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

‘ಅಮ್ಮಾ, ಆ ಸೂಜಿ ಹಾಕಿದ ದಿನ ನೆನಪಿದೆಯಾ?’

ಅಮ್ಮ ರೇಡಿಯೊದ ಗುಂಡಿ ತಿರುಗಿಸಿ ಸದ್ದು ಸ್ವಲ್ಪ ಕಡಿಮೆ ಮಾಡಿದಳು. ಮುಂಗೈ ಮುಂದೆ ಚಾಚಿದಳು.

‘ನನ್ನ ಕೈ ಹಿಡ್ಕೊಂಡಿದ್ಲು. ಉಗುರು ಹೇಗೆ ಇಳಿದಿತ್ತು, ಇಲ್ನೋಡು.’

ಅಲ್ಲಿ ಗುರುತೇನೂ ಇರಲಿಲ್ಲ. ವಯಸ್ಸಾದ ತೆಳು ಚರ್ಮ, ನೀಲಿ ನಾಳ. ಸೀಸೆಯಕ್ಕ ನೋಡಿದಳು, ತಲೆಯಾಡಿಸಿದಳು.

‘ಅವತ್ತು ಬೇರೇನಾದ್ರೂ ಇತ್ತೇನೇ ಕೊಡೋಕೆ?’ ಎಂದಳು ಅಮ್ಮ.

‘ಇರ್ಲಿಲ್ಲಮ್ಮ.’

‘ಇದ್ದಿದ್ರೆ ಕೊಡ್ತಿದ್ರಲ್ವಾ?’

‘ಕೊಡ್ತಿದ್ರು.’

‘ಮತ್ತೆ,’ ಎಂದಳು ಅಮ್ಮ, ಅದರಿಂದ ಏನೋ ತೀರ್ಮಾನವಾದಂತೆ. ತಟ್ಟೆ ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದ್ದಳು.

‘ಊಟ!’ ಎಂದು ಅಮ್ಮ ಕೂಗಿದ್ದು ಬೀದಿಯವರೆಗೂ ಕೇಳಿಸಿತು.

*

‘ಹಳೇ ನೀರು ಅಂದ್ರೆ?’ ಎಂದಳು ಮೇಡಂ.

ಸೀಸೆಯಕ್ಕ ತಂಪುಪೆಟ್ಟಿಗೆ ತೆರೆದು ಹಳದಿ ನೀರಿನ ಬಾಟಲಿಗಳ ಸಾಲನ್ನು ತೋರಿಸಿದಳು. ಮೇಡಂ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಮೊದಲು ಅವಳ ಕಿವಿ ಕೆಂಪಾಯಿತು, ಆಮೇಲೆ ಮುಖ.

‘ತಟ್ಟೆಗೂ ಹಾಕಿದ್ರಾ?’

‘ಎರಡೂ ಸಾಲಿಗೂ. ಒಂದೇ ಅಳತೆ.’

‘ಒಂದೇ ಅಳತೆ! ಅಯ್ಯೋ ನನ್ನ ಕರ್ಮವೇ.’ ಮೇಡಂ ತಲೆಗೆ ಕೈಯಿಟ್ಟು ಸ್ಟೂಲಿನ ಮೇಲೆ ಕೂತಳು. ‘ನಾನೂ ಕೇಳ್ಲಿಲ್ಲ. ನೀವು ಹಾಕಿದ್ದು ಅಂದ್ರೆ ಸರಿಯೇ ಇರುತ್ತೆ ಅಂತ ಕೇಳ್ಲೇ ಇಲ್ಲ. ಯಾಕೆ ಸೀಸೆಯಕ್ಕ? ಹೊಸದಕ್ಕೇನೋ ಸರಿ, ಸೊರಗಿತ್ತು. ಗಟ್ಟಿಮುಟ್ಟಾಗಿರೋ ಆ ಹಳೆಯವಳಿಗೆ ಯಾಕೆ ಇಷ್ಟು ಉಪಚಾರ?’

ಸೀಸೆಯಕ್ಕ ಕಾರಣ ಹೇಳಲು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

‘ಅಭ್ಯಾಸ,’ ಎಂದಳು.

ಮೇಡಂ ಅವಳ ಮುಖವನ್ನು ಒಂದು ಸಲ ನೋಡಿ, ಮತ್ತೆ ಕೇಳಲಿಲ್ಲ. ‘ಹುಡುಗಿ ಎರಡು ದಿನ ಕಾಯಬಹುದು, ಅದಕ್ಕಿಂತ ಹೆಚ್ಚಿಗೆ ಆಗಲ್ಲ. ಸೂಜಿ ನಿಲ್ಲಿಸ್ತೀನಿ. ಈಗ್ಲೇ ಹಾಕೋಣ. ಬರೀ ಹೊಸ ನೀರು.’

ತೊಳೆಯುವುದೆಂದರೆ ಸೀಸೆಯಲ್ಲಿದ್ದದ್ದನ್ನು ಕೊಳವೆಗೆ ಸುರಿದು ಯಂತ್ರದಲ್ಲಿ ಗಿರಗಿರನೆ ತಿರುಗಿಸುವುದು. ಜೀವಿಗಳು ತಳಕ್ಕೆ ಕೂತಾಗ ಮೇಲಿನ ನೀರು ಚೆಲ್ಲಿ ಹೊಸದು ಹಾಕುವುದು, ಮತ್ತೆ ತಿರುಗಿಸುವುದು. ಹುಡುಗಿಯದನ್ನು ಮೇಡಂ ತೊಳೆದಳು. ಹಳೆಯವಳದನ್ನು ಸೀಸೆಯಕ್ಕ. ಯಂತ್ರ ನಿಂತ ಮೇಲೆ ಕೊಳವೆಯ ತುದಿಯಲ್ಲಿ ಬಿಳಿ ಚುಕ್ಕೆಯೊಂದು ಉಳಿದಿತ್ತು. ಎಲ್ಲವೂ ಸೇರಿ ಅಷ್ಟೇ. ಸೂಜಿಯ ಕಣ್ಣಿನಷ್ಟು. ಅವಳು ಹಳದಿ ನೀರನ್ನು ತೊಟ್ಟಿಗೆ ಬಗ್ಗಿಸಿದಳು. ಅದು ಹೋಗುವ ಸದ್ದು ಬೇರೆ ಯಾವುದೇ ನೀರು ಹೋಗುವ ಸದ್ದಿನ ಹಾಗೆಯೇ ಇತ್ತು.

ಎರಡನೆಯ ದಿನ ಮಧ್ಯಾಹ್ನ ಇಬ್ಬರೂ ನೋಡಿದರು. ಔಷಧವಿದ್ದ ಗುಳಿಗಳಲ್ಲಿ ಹುಡುಗಿಯವು ಬೆಳೆಯದೆ, ಮಂಕಾಗಿ, ಅಲ್ಲೊಂದು ಇಲ್ಲೊಂದು ಮಿಸುಕುತ್ತಿದ್ದವು. ಔಷಧವಿಲ್ಲದ ಗುಳಿಗಳಲ್ಲಿ ಅವೇ ಸೊರಗಿದ ಜೀವಗಳು ಬರೀ ಹೊಸ ನೀರಿನಲ್ಲಿ ದಂಡಿಯಾಗಿ ಬೆಳೆದಿದ್ದವು.

‘ಕೆಲಸ ಮಾಡುತ್ತೆ!’ ಮೇಡಂ ಕುಣಿಯುವುದೊಂದು ಬಾಕಿ. ‘ಔಷಧ ಕೆಲಸ ಮಾಡುತ್ತೆ ಸೀಸೆಯಕ್ಕ! ಹುಡುಗಿಯದೇ ಸಾಕು ಸಾಕ್ಷಿಗೆ. ನಾನು ವಾರ್ಡಿಗೆ ಓಡ್ತೀನಿ.’

ಅವಳು ಹೋದ ಮೇಲೆ ಸೀಸೆಯಕ್ಕ ತಟ್ಟೆಯನ್ನು ಕೆಳಸಾಲಿಗೆ ಸರಿಸಿದಳು. ಔಷಧವಿದ್ದ ಗುಳಿ ನೋಡಿದಳು. ಔಷಧವಿಲ್ಲದ್ದನ್ನೂ ನೋಡಿದಳು. ಪಕ್ಕದ್ದನ್ನು, ಅದರ ಪಕ್ಕದ್ದನ್ನು. ಎಲ್ಲ ಕಡೆ ಒಂದೇ. ತಳದಲ್ಲಿ ಪುಡಿ, ಮೇಲೆ ತಿಳಿಯಾದ ಗುಲಾಬಿ ನೀರು. ಗಟ್ಟಿಯೆಂದು ಅಂದುಕೊಂಡಿದ್ದವು ತಮ್ಮ ಸತ್ತವರ ಮೇಲೆಯೇ ಇಷ್ಟು ಕಾಲ ನಿಂತಿದ್ದವು. ಒಂದೂ ಬಳುಕಲಿಲ್ಲ. ಕಣ್ಣು ನೋಯುವವರೆಗೂ ಅವಳು ಕಾದಳು. ತನ್ನ ರೆಪ್ಪೆಯೇ ಮಸೂರಕ್ಕೆ ತಾಗಿ ಅಲುಗಿದಾಗ ಒಂದು ಬಳುಕಿತೆಂದು ಇನ್ನಷ್ಟು ಬಗ್ಗಿದಳು.

ಅವತ್ತು ಅಮ್ಮ ಕೇಳಿದಾಗ ‘ಚೆನ್ನಾಗಿದ್ದಾಳೆ’ ಎಂದಳು. ‘ತಿಂದಳಾ?’ ಎಂದಾಗ ‘ತಿಂದಳಮ್ಮ.’ ಮರುದಿನವೂ ಹಾಗೆಯೇ. ಬೆಳಿಗ್ಗೆ ಹೋಗಿ ಖಾಲಿ ಸೀಸೆಯೊಂದನ್ನು ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದಳು. ಕೈಗೆ ಬೇರೆ ಕೆಲಸ ತಿಳಿಯುತ್ತಿರಲಿಲ್ಲ. ತಂಪುಪೆಟ್ಟಿಗೆಯ ಬಾಟಲಿಗಳನ್ನು ಮೇಡಂ ಚೆಲ್ಲಿಸಿದ್ದಳು.

ವಾರ್ಡಿನಲ್ಲಿ ಹುಡುಗಿಯ ತೋಳಿಗೆ ಔಷಧದ ಚೀಲದಿಂದ ಹನಿ ಹನಿ ಇಳಿಯುತ್ತಿತ್ತು. ಸೀಸೆಯಕ್ಕ ಊಟಕ್ಕೆ ಹೊರಡುವ ಮೊದಲು ಅಲ್ಲಿಗೆ ಹೋಗಿ ಕಾಲ ದೆಸೆಯಲ್ಲಿ ನಿಲ್ಲುತ್ತಿದ್ದಳು. ನಿದ್ದೆ ಇನ್ನೂ ಇತ್ತು. ದಿನ ಕಳೆದಂತೆ ಅದು ತೆಳುವಾಗುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಹಣೆ, ಮೂಗು, ದಿಂಬಿನ ಮೇಲೆ ಚೆಲ್ಲಿದ ಜಡೆ ಎಲ್ಲ ತಂಗಿಯದೇ ಎನಿಸತೊಡಗಿತು. ಈಗ ಕಣ್ಣು ಬಿಡುತ್ತಾಳೆ. ಬಿಟ್ಟು ಕೇಳುತ್ತಾಳೆ. ಈ ಸಲ ‘ಮಧ್ಯಾಹ್ನ ಕಣೇ’ ಎನ್ನಬಾರದು. ಹೌದು, ಬೆಳಗಾಯ್ತು ಎನ್ನಬೇಕು.

ಒಂದು ಮಧ್ಯಾಹ್ನ ಹೋದಾಗ ಹುಡುಗಿ ದಿಂಬಿಗೊರಗಿ ಕೂತಿದ್ದಳು. ಕಂಡಕ್ಟರ್ ತಾಯಿ ಪಕ್ಕದಲ್ಲಿ ಬ್ರೆಡ್ಡು ಹಾಲಿಗೆ ಅದ್ದುತ್ತಿದ್ದಳು. ಆಯಾ ನೆಲ ಒರೆಸುವುದನ್ನು ಬಿಟ್ಟು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

‘ನೋಡಕ್ಕ, ರಾಣೀಸಾಹೇಬ್ರು ಎದ್ರು. ಎದ್ದ ತಕ್ಷಣ ಬ್ರೆಡ್ಡು ಹಳಸಿದೆ ಅಂತ ತಕರಾರು.’

‘ಹಳಸಿದೆ ಮತ್ತೆ,’ ಎಂದಳು ಹುಡುಗಿ. ದನಿ ಒರಟಾಗಿತ್ತು, ಸ್ವಲ್ಪ ಮೂಗಿನಲ್ಲಿ ಬರುವಂಥದು. ತಂಗಿಯ ದನಿಯನ್ನು ಅದು ಯಾವ ರೀತಿಯಲ್ಲೂ ಹೋಲುತ್ತಿರಲಿಲ್ಲ. ಕಣ್ಣುಗಳು ಚುರುಕಾಗಿ ಸೀಸೆಯಕ್ಕನ ಮೇಲೆ ಬಂದು ನಿಂತವು, ಕಿರಿದಾದವು. ತಾಯಿಯ ಕಡೆ ವಾಲಿ ಹುಡುಗಿ ಪಿಸುಗುಟ್ಟಿದಳು, ಎಲ್ಲರಿಗೂ ಕೇಳಿಸುವ ಹಾಗೆ:

‘ಯಾರಮ್ಮ ಇವ್ರು? ಯಾಕೆ ನನ್ನ ಹಂಗೆ ನೋಡ್ತಾರೆ?’

‘ಶ್! ಇಲ್ಲಿ ಕೆಲಸದೋರು ಕಣೇ. ನಿನ್ನ ರಕ್ತ ತೆಗೆದೋರು.’ ತಾಯಿ ಸಂಕೋಚದಿಂದ ನಕ್ಕಳು. ‘ತಪ್ಪು ತಿಳ್ಕೋಬೇಡಿ ಅಕ್ಕ. ಬಾಯಿ ಜೋರು. ವಾಪಸ್ ಬಂದಿದಾಳೆ ಅನ್ನೋದಕ್ಕೆ ಅದೇ ಗುರುತು.’

‘ಪರವಾಗಿಲ್ಲ,’ ಎಂದಳು ಸೀಸೆಯಕ್ಕ. ಹುಡುಗಿ ಆಗಲೇ ಬ್ರೆಡ್ಡಿನ ಕಡೆ ತಿರುಗಿದ್ದಳು.

*

ಬೀದಿ ತೂಕಡಿಸುತ್ತಿತ್ತು. ಅವರ ಮನೆಯ ರೇಡಿಯೊ ತಿರುವಿನಿಂದಲೇ ಕೇಳುತ್ತಿತ್ತು. ಒಳಗೆ ಬಿಸಿಲು ಎಂದಿನಂತೆ ಮಂಚದ ಮೇಲೆ, ಆ ತಗ್ಗಿನೊಳಗೆ ತುಂಬಿ ಕೂತಿತ್ತು.

‘ಹೇಗಿದ್ದಾಳೆ?’

ಅವಳು ಚಪ್ಪಲಿ ಬಿಟ್ಟಳು. ಒಂದನ್ನು ಇನ್ನೊಂದರ ಪಕ್ಕಕ್ಕೆ ಸರಿಯಾಗಿ ಜೋಡಿಸಿದಳು.

‘ಮಲಗಿದ್ದಾಳಮ್ಮ.’

ಅಮ್ಮನ ಕೈ ತಟ್ಟೆಯ ಮೇಲೆ ನಿಂತಿತು. ‘ಈ ಹೊತ್ತಿನಲ್ಲಾ?’

‘ಹ್ಞೂಂ.’

‘ಎಬ್ಬಿಸ್ಲಿಲ್ವಾ ನೀನು?’

‘ಇಲ್ಲ. ಮಲಗ್ಲಿ ಬಿಡು.’

ಅಮ್ಮ ಮಗಳ ಮುಖವನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ರೇಡಿಯೊದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಆಮೇಲೆ ಎದ್ದು ನಿಧಾನವಾಗಿ ನಡೆದು ಹೋಗಿ ರೇಡಿಯೊ ಆರಿಸಿದಳು. ಕಿಟಕಿಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಬಹಳ ಕಾಲ ಸರಿಸಿಟ್ಟೇ ಇದ್ದ ಪರದೆ ಸಿಕ್ಕಿಹಾಕಿಕೊಂಡಿತು. ಎಳೆದಳು, ಧೂಳು ಉದುರಿತು, ಪರದೆ ಬಂತು. ಬಿಸಿಲು ಮಂಚ ಬಿಟ್ಟು, ಗೋಡೆ ಬಿಟ್ಟು, ಕಿಟಕಿಯಾಚೆ ಹೋಯಿತು.

‘ಹಾಗಾದ್ರೆ ಸದ್ದು ಮಾಡಬೇಡ,’ ಎಂದಳು.

ಇಬ್ಬರೂ ನಡುಹಗಲಿನ ಕತ್ತಲೆಯಲ್ಲಿ ಕೂತರು. ಸೀಸೆಯಕ್ಕ ಕಿವಿಗೊಟ್ಟಳು. ರೇಡಿಯೊ ಇರಲಿಲ್ಲ, ಆ ದನಿ ಅದರ ಕೆಳಗೆ ಅಡಗಿಕೊಳ್ಳಬೇಕಾದ್ದೂ ಇರಲಿಲ್ಲ. ಈಗ ಕೇಳುತ್ತದೆ, ಈಗ ಕೇಳುತ್ತದೆ ಎಂದು ಉಸಿರು ಬಿಗಿಹಿಡಿದಳು. ಪಕ್ಕದಲ್ಲಿ ಅಮ್ಮನೂ ಉಸಿರು ಹಿಡಿದಿರುವುದು ಆಗ ಗೊತ್ತಾಯಿತು.

ಮಂಚದ ಕಡೆಯಿಂದ ಯಾರೂ ಏನೂ ಕೇಳಲಿಲ್ಲ.